ನಿಂತ ನೆಲದ ನೆಲೆ: ಕೈ ಜಿ.ಪಿ.ಎಸ್. ಯಂತ್ರವನ್ನು ಆರಿಸುವ ಬಗೆ



ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆಯವರು ನನ್ನ ಕೊಠಡಿಗೆ ಬಂದಿದ್ದರು. ಮಗನು ಪುಣೆಯಲ್ಲಿ ಪದವಿ ತರಗತಿಯಲ್ಲಿ ಓದುತ್ತಿರುವನು. ರವಿವಾರ ಬಂದಿತೆಂದರೆ ಗೆಳೆಯರನ್ನು ಕೂಡಿಕೊಂಡು ಸಹ್ಯಾದ್ರಿಯ ಕೋಟೆಗಳನ್ನು ಹತ್ತಲು ಹೊರಡುವನು. ತಂದೆಯವರ ಮುಖದಲ್ಲಿ ಚಿಂತೆಯಿತ್ತು. "ಸರ್, ಅಲ್ಲಿ ಮಂಜು ಬಿದ್ದರೆ ಎದುರಿಗಿನ ಮನುಷ್ಯ ಕಾಣುವುದಿಲ್ಲವಂತೆ, ಮೊಬೈಲಿಗೆ ರೇಂಜೂ ಸಿಗುವುದಿಲ್ಲವಂತೆ. ದಾರಿ ತೋರಿಸುವ ಕೈಯಂತ್ರ ಬರುತ್ತದೆಂದು ಮಗ ಹೇಳುತ್ತಾನೆ. ಯಾವುದನ್ನು ಕೊಡಿಸಲಿ?" ಎಂದು ಕೇಳಿದರು. ಅಂದು ನಾಲ್ಕು ಮಾತುಗಳಲ್ಲಿ ಉತ್ತರ ಹೇಳಿ ಕಳುಹಿಸಿದೆನು. ಆದರೆ ಅವರ ಪ್ರಶ್ನೆಯು ಒಬ್ಬರದಲ್ಲ, ಅನೇಕರದು. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಪಾಠವನ್ನಾಗಿ ಮಾಡಿಕೊಂಡಿದ್ದೇನೆ.

ಒಂದು ಅನುಭವ

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವೆನು. ಕೆಲವು ವರ್ಷಗಳ ಹಿಂದೆ ಬಾಲಕಿಯೊಬ್ಬಳು ನಡುವರ್ಷದಲ್ಲಿ ಶಾಲೆ ಬಿಟ್ಟಳು. ಅವಳ ಮನೆಯವರನ್ನು ಕಂಡು ಮಾತನಾಡಬೇಕೆಂದು ಸಹೋದ್ಯೋಗಿಯೊಬ್ಬರೊಡನೆ ಅವಳ ಊರಿಗೆ ಹೊರಟೆನು. ಮಿತ್ರರೊಬ್ಬರಿಂದ ಎರವಲು ತಂದ ಜಿ.ಪಿ.ಎಸ್. ಯಂತ್ರವು ಕೈಯಲ್ಲಿತ್ತು. ಹಳೆಯ ನಕ್ಷೆಯೊಂದರಿಂದ ಆ ಊರಿನ ಅಕ್ಷಾಂಶ ರೇಖಾಂಶಗಳನ್ನು ಎತ್ತಿಕೊಂಡು, ಯಂತ್ರಕ್ಕೆ ಉಣಿಸಿ, ಬಾಣದ ಗುರುತು ತೋರಿದ ಕಡೆಗೆ ಸಾಗಿದೆವು. ಹೊತ್ತು ಮುಳುಗುವ ವೇಳೆಗೆ "ಗುರಿ ಮುಟ್ಟಿದಿರಿ" ಎಂದು ಯಂತ್ರವು ಸಾರಿತು. ಸುತ್ತಲೂ ನೋಡಿದರೆ ಜಾಲಿಯ ಕಂಟಿಗಳು, ಕುಸಿದ ಕಲ್ಲುಗೋಡೆಗಳು, ಒಂದು ಬೇವಿನ ಮರ. ಮನೆಯಿಲ್ಲ, ದೀಪವಿಲ್ಲ. ಆಡು ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಮ್ಮನ್ನು ಕಂಡು ನಿಂತರು. "ಸರ್, ನೀವು ಊರಿನ ಜಾಗಕ್ಕ ಬಂದೀರಿ, ಊರಿಗಿ ಬಂದಿಲ್ಲ" ಎಂದರು.

ಆಗ ನನಗೆ ಅರಿವಾಯಿತು. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ, ಸುಮಾರು ನಾಲ್ಕು ಗಂಟೆಯ ಹೊತ್ತಿಗೆ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ ಕಿಲ್ಲಾರಿಯ ಭೂಕಂಪವು ಎರಗಿದುದನ್ನು ನಮ್ಮ ಸೀಮೆಯ ಹಿರಿಯರು ಮರೆತಿಲ್ಲ. ಲಾತೂರ ಮತ್ತು ಅಂದಿನ ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಮಂದಿ ಮಡಿದರು. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ನೆಲಸಮವಾದ ಎಷ್ಟೋ ಊರುಗಳನ್ನು ಸರಕಾರವು ಬೇರೆ ಸ್ಥಳಗಳಲ್ಲಿ ಹೊಸದಾಗಿ ಕಟ್ಟಿಸಿತು. ನನ್ನ ಕೈಯಲ್ಲಿದ್ದ ನಕ್ಷೆಯು ಭೂಕಂಪಕ್ಕಿಂತ ಹಿಂದಿನದು. ಯಂತ್ರವು ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಬಿಂದುವಿಗೆ ಅದು ಸರಿಯಾಗಿಯೇ ಕರೆದೊಯ್ದಿತ್ತು. ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಮುದುಕರು ಕೈಮಾಡಿ ತೋರಿದ ದಾರಿಯಲ್ಲಿ ಹೋಗಿ ಹೊಸ ಊರನ್ನು ಸೇರಿದೆವು. ಬಾಲಕಿಯು ಮುಂದಿನ ವಾರ ಶಾಲೆಗೆ ಬಂದಳು.

ಯಂತ್ರವು ಹೇಳುವುದು ಬಿಂದುವನ್ನು ಮಾತ್ರ. ಆ ಬಿಂದುವಿನಲ್ಲಿ ಏನಿದೆ, ಅಲ್ಲಿಗೆ ಹೋಗುವುದು ಯೋಗ್ಯವೇ ಎಂಬುದನ್ನು ಅರಿಯಬೇಕಾದವರು ನಾವು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ.

ಯಂತ್ರವು ಕೆಲಸ ಮಾಡುವ ರೀತಿ

ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕ ದೇಶದ ಜಿ.ಪಿ.ಎಸ್. ಉಪಗ್ರಹಗಳು ಭೂಮಿಯನ್ನು ಸುತ್ತುತ್ತಿವೆ. ಕನಿಷ್ಠ 24 ಉಪಗ್ರಹಗಳಿದ್ದರೆ ಜಗತ್ತಿನ ಎಲ್ಲ ಕಡೆಯೂ ಸೇವೆ ನಡೆಯುವುದು. ಪ್ರತಿಯೊಂದು ಉಪಗ್ರಹದಲ್ಲಿಯೂ ಅಣುಗಡಿಯಾರವಿದೆ. "ನಾನು ಇಂತಹ ಸ್ಥಳದಲ್ಲಿದ್ದೇನೆ, ಈಗ ಇಷ್ಟು ಹೊತ್ತು" ಎಂದು ಉಪಗ್ರಹವು ರೇಡಿಯೋ ಅಲೆಗಳ ಮೂಲಕ ಎಡೆಬಿಡದೆ ಸಾರುತ್ತಿರುವುದು. ಅಲೆಯು ನಮ್ಮನ್ನು ತಲುಪಲು ಹಿಡಿದ ವೇಳೆಯನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹವು ನಮ್ಮಿಂದ ಎಷ್ಟು ದೂರದಲ್ಲಿದೆಯೆಂದು ತಿಳಿಯುವುದು. ಮೂರು ಉಪಗ್ರಹಗಳ ದೂರದಿಂದ ಸ್ಥಾನವು ಗೊತ್ತಾಗಬೇಕು. ಆದರೆ ಕೈಯಂತ್ರದ ಗಡಿಯಾರವು ಅಗ್ಗದ್ದಾದುದರಿಂದ ಅದರ ತಪ್ಪನ್ನು ತಿದ್ದಲು ನಾಲ್ಕನೆಯದೊಂದು ಬೇಕಾಗುವುದು.

ಬೆಳಕು ಒಂದು ಸೆಕೆಂಡಿನಲ್ಲಿ ಸುಮಾರು ಮೂರು ಲಕ್ಷ ಕಿಲೋಮೀಟರ್ ಸಾಗುವುದು. ಆದಕಾರಣ ಗಡಿಯಾರವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುವುದು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಉಪಗ್ರಹದ ಗಡಿಯಾರವು ನಮ್ಮದಕ್ಕಿಂತ ದಿನಕ್ಕೆ ಅಂತಹ 38 ಪಾಲುಗಳಷ್ಟು ಮುಂದೆ ಓಡುವುದು. ಅದನ್ನು ಮೊದಲೇ ತಿದ್ದಿಡದಿದ್ದರೆ ಒಂದೇ ದಿನದಲ್ಲಿ ಹನ್ನೊಂದು ಕಿಲೋಮೀಟರಿನಷ್ಟು ತಪ್ಪು ಸೇರುತ್ತಿತ್ತು.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುವುದು. ಯಂತ್ರವು ಉಪಗ್ರಹದ ಮಾತನ್ನು ಕೇಳುವುದೇ ಹೊರತು ತಾನಾಗಿ ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಆದುದರಿಂದ ಅದಕ್ಕೆ ಮೊಬೈಲ್ ರೇಂಜ್ ಬೇಡ, ತಿಂಗಳ ಬಾಡಿಗೆಯೂ ಇಲ್ಲ. ಬೇಕಾದುದು ತೆರೆದ ಆಕಾಶ. ದಟ್ಟ ಕಾಡು, ಆಳವಾದ ಕಣಿವೆ, ಎತ್ತರವಾದ ಬಂಡೆಗೋಡೆ, ಇವು ಅದರ ವೈರಿಗಳು.

ಈ ವಿದ್ಯೆಯ ಪೂರ್ವಕಥೆ

ಭೂಮಿಯ ಮೇಲೆ ಸ್ಥಾನವನ್ನು ಗೊತ್ತುಪಡಿಸುವ ಕಾರ್ಯವು ನಮ್ಮ ಸೀಮೆಗೆ ಹೊಸದಲ್ಲ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಬೆಂಗಳೂರಿನ ಬಳಿ ಅಳತೆಯನ್ನು ಆರಂಭಿಸಿದನು; 1802ರಲ್ಲಿ ಮದ್ರಾಸಿನಲ್ಲಿ ಹೊಸದಾಗಿ ಅಡಿರೇಖೆಯನ್ನು ಅಳೆದನು. ಸುಮಾರು ಅರ್ಧ ಟನ್ನು ತೂಕದ ಕೋನಮಾಪಕವನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊರಿಸಿಕೊಂಡು ತ್ರಿಕೋನಗಳ ಸರಪಳಿಯನ್ನು ಉತ್ತರಕ್ಕೆ ಬೆಳೆಸಿದನು. ಅದರ ಲೆಕ್ಕವನ್ನು ತಾಳೆ ನೋಡಲು 1815ರಲ್ಲಿ ಅಡಿರೇಖೆಯೊಂದನ್ನು ಅಳೆದದ್ದು ನಮ್ಮ ನೆರೆಯ ಬೀದರದ ಸೀಮೆಯಲ್ಲಿಯೇ. ಅವನು 1823ರಲ್ಲಿ ಹಿಂಗಣಘಾಟದಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟನು ಆ ಕಾರ್ಯವನ್ನು ಮುಂದುವರಿಸಿದನು. ಅಂದು ಅರ್ಧ ಟನ್ನಿನ ಯಂತ್ರವೂ ನೂರಾರು ಕೂಲಿಗಳೂ ಬೇಕಾಗಿದ್ದ ಕೆಲಸದ ಒಂದಂಶವನ್ನು ಇಂದು ಅಂಗೈ ಮೇಲಿನ ಪೆಟ್ಟಿಗೆಯು ಮಾಡುತ್ತಿದೆ.

ಮೊದಲ ಜಿ.ಪಿ.ಎಸ್. ಉಪಗ್ರಹವು 1978ರಲ್ಲಿ ಏರಿತು. ಅದು ಸೈನ್ಯಕ್ಕಾಗಿ ಹುಟ್ಟಿದ ವ್ಯವಸ್ಥೆ. 1983ರ ಸೆಪ್ಟೆಂಬರ್ 1ರಂದು ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯೆತ್ ಸೀಮೆಯನ್ನು ಹೊಕ್ಕಾಗ ಅದನ್ನು ಹೊಡೆದುರುಳಿಸಲಾಯಿತು. 269 ಮಂದಿ ಸತ್ತರು. ದಾರಿ ತಪ್ಪುವುದರ ಬೆಲೆ ಎಷ್ಟೆಂಬುದು ಆಗ ಲೋಕಕ್ಕೆ ತಿಳಿಯಿತು. ಈ ವ್ಯವಸ್ಥೆಯನ್ನು ಸಾಮಾನ್ಯರಿಗೂ ತೆರೆಯುವುದಾಗಿ ಅಮೆರಿಕದ ಸರಕಾರವು ಸಾರಿತು. 1989ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಕೈಯಂತ್ರದ ಬೆಲೆ ಸುಮಾರು ಮೂರು ಸಾವಿರ ಡಾಲರ್. ಆದರೂ ಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಕೆಡಿಸಲಾಗುತ್ತಿತ್ತು. ನೂರು ಮೀಟರಿನವರೆಗೆ ತಪ್ಪು ಬೀಳುತ್ತಿತ್ತು. 2000ದ ಮೇ ತಿಂಗಳಲ್ಲಿ ಆ ಅಡ್ಡಿಯನ್ನು ತೆಗೆದುಹಾಕಿದರು.

ನಮ್ಮ ದೇಶವೂ ಹಿಂದೆ ಬೀಳಲಿಲ್ಲ. ಇಸ್ರೋ ಸಂಸ್ಥೆಯು 2013ರ ಜುಲೈ 1ರಂದು ತನ್ನ ಮೊದಲ ಸ್ಥಾನದರ್ಶಕ ಉಪಗ್ರಹವನ್ನು ಹಾರಿಸಿತು. 2016ರಲ್ಲಿ ಏಳನೆಯದು ಏರಿದಾಗ ಈ ವ್ಯವಸ್ಥೆಗೆ 'ನಾವಿಕ' ಎಂಬ ಅಂದವಾದ ಹೆಸರು ಬಂದಿತು. ಇದರ ಕೇಂದ್ರವು ಬೆಂಗಳೂರಿನ ಹತ್ತಿರದ ಬ್ಯಾಲಾಳು ಗ್ರಾಮದಲ್ಲಿದೆ. ಮೊದಲ ಉಪಗ್ರಹಗಳ ಕೆಲವು ಅಣುಗಡಿಯಾರಗಳು ಕೆಟ್ಟುದರಿಂದ ತೊಡಕಾಯಿತಾದರೂ, 2023ರ ಮೇ 29ರಂದು ಹೊಸ ಪೀಳಿಗೆಯ ಉಪಗ್ರಹವು ನಮ್ಮಲ್ಲೇ ತಯಾರಾದ ಅಣುಗಡಿಯಾರದೊಡನೆ ಏರಿತು.

ಮೊಬೈಲ್ ಸಾಲದೇ?

ಈ ಪ್ರಶ್ನೆಯನ್ನು ಪಾಲಕರು ಕೇಳಿಯೇ ಕೇಳುವರು; ಕೇಳಲೂ ಬೇಕು, ಏಕೆಂದರೆ ಹಣವು ಬೆವರಿನದು. ಇಂದಿನ ಮೊಬೈಲಿನಲ್ಲಿಯೂ ಇಂತಹದೇ ಗ್ರಾಹಕವಿದೆ. ಉದಗೀರಕ್ಕೋ ಬಸವಕಲ್ಯಾಣಕ್ಕೋ ರಸ್ತೆಯಲ್ಲಿ ಹೋಗುವವನಿಗೆ ಅದು ಧಾರಾಳವಾಗಿ ಸಾಕು. ರೇಂಜ್ ಇಲ್ಲದ ಕಡೆ ಮೊಬೈಲು ಸ್ಥಾನವನ್ನು ಅರಿಯದೆಂಬುದು ತಪ್ಪು ತಿಳಿವಳಿಕೆ. ಅಲ್ಲಿ ಮಾಯವಾಗುವುದು ನಕ್ಷೆ. ಮನೆಯಲ್ಲಿರುವಾಗಲೇ ನಕ್ಷೆಯನ್ನು ಇಳಿಸಿಟ್ಟುಕೊಂಡರೆ ಆ ಕೊರತೆಯೂ ನೀಗುವುದು.

ಆದರೆ ಮೊಬೈಲಿಗೆ ಮೂರು ದೋಷಗಳಿವೆ. ಒಂದು, ಬ್ಯಾಟರಿಯು ಸಂಜೆಯವರೆಗೆ ಬಾಳುವುದೇ ಕಷ್ಟ. ಎರಡು, ಮಳೆಯಲ್ಲಿ ಒದ್ದೆ ಬೆರಳಿಗೆ ಅದರ ಪರದೆಯು ಓಗೊಡುವುದಿಲ್ಲ. ಮೂರು, ಕಲ್ಲಿನ ಮೇಲೆ ಬಿದ್ದರೆ ಒಡೆಯುವುದು. ಒಡೆದರೆ ದಾರಿಯೂ ಹೋಯಿತು, ಸಹಾಯ ಕೇಳುವ ಬಾಯಿಯೂ ಹೋಯಿತು. ಆದುದರಿಂದ ನನ್ನ ಮತವಿಷ್ಟು: ವರ್ಷಕ್ಕೆ ಒಂದೆರಡು ಸಲ, ಜನಸಂಚಾರವಿರುವ ದಾರಿಯಲ್ಲಿ ಹೋಗುವವನು ಬೇರೆ ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಮಳೆ, ಮಂಜು, ಕಾಡುಗಳಲ್ಲಿ ಪದೇ ಪದೇ ಸಂಚರಿಸುವವನು, ಅದರಲ್ಲಿಯೂ ಇತರರನ್ನು ಕರೆದೊಯ್ಯುವ ಹೊಣೆ ಹೊತ್ತವನು, ಕೊಳ್ಳಲೇಬೇಕು. ಆಗ ಮೊಬೈಲನ್ನು ಆರಿಸಿ ಚೀಲದಲ್ಲಿಟ್ಟುಕೊಂಡು ಆಪತ್ತಿಗಾಗಿ ಕಾಯ್ದಿಡಬಹುದು.

ಆರಿಸುವಾಗ ನೋಡತಕ್ಕ ಅಂಶಗಳು

1. ಶಕ್ತಿಯ ಮೂಲ. ನನ್ನ ದೃಷ್ಟಿಯಲ್ಲಿ ಇದೇ ಮೊದಲನೆಯದು. ಕೆಲವು ಯಂತ್ರಗಳು ಗೋಡೆ ಗಡಿಯಾರಕ್ಕೆ ಹಾಕುವಂತಹ ಎರಡು ಸಣ್ಣ ಸೆಲ್ಲುಗಳಿಂದ ನಡೆಯುವುವು; ಕೆಲವು ಒಳಗೇ ಇರುವ, ಚಾರ್ಜ್ ಮಾಡುವ ಬ್ಯಾಟರಿಯಿಂದ ನಡೆಯುವುವು. ಸೆಲ್ಲು ಹಳ್ಳಿಯ ಕಿರಾಣಿ ಅಂಗಡಿಯಲ್ಲಿಯೂ ದೊರೆಯುವುದು. ಎರಡು ಜೋಡಿ ಹೆಚ್ಚಿಗೆ ಇಟ್ಟುಕೊಂಡರೆ ಚಿಂತೆಯಿಲ್ಲ. ಒಳಬ್ಯಾಟರಿಯ ಯಂತ್ರಗಳು ಹೆಚ್ಚು ಕಾಲ ನಡೆದರೂ, ಕಾಡಿನಲ್ಲಿ ಅದು ತೀರಿತೆಂದರೆ ಬದಲಿಸಲಾಗದು. ಹೊಸ ಅಭ್ಯಾಸಿಗೆ ಸೆಲ್ಲಿನ ಯಂತ್ರವೇ ಲೇಸು.

2. ಗುಂಡಿಗಳು ಮತ್ತು ಪರದೆ. ಒತ್ತುವ ಗುಂಡಿಗಳಿರುವ ಯಂತ್ರವು ಮಳೆಯಲ್ಲಿಯೂ ಕೆಸರು ಕೈಯಲ್ಲಿಯೂ ಮಾತು ಕೇಳುವುದು. ಅಂಗಡಿಯ ನೆರಳಿನಲ್ಲಿ ಪರದೆಯನ್ನು ನೋಡಿ ಮರುಳಾಗಬೇಡಿರಿ. ಹೊರಗೆ ತಂದು ಬಿಸಿಲಿನಲ್ಲಿ ಹಿಡಿದು ನೋಡಿರಿ.

3. ಗ್ರಹಣಶಕ್ತಿ. ಜಿ.ಪಿ.ಎಸ್. ಅಲ್ಲದೆ ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನದ ಬೈದು, ನಮ್ಮ ನಾವಿಕ, ಇವುಗಳಲ್ಲಿ ಹೆಚ್ಚು ವ್ಯವಸ್ಥೆಗಳ ಮಾತನ್ನು ಕೇಳಬಲ್ಲ ಯಂತ್ರವು ಕಣಿವೆಯಲ್ಲಿಯೂ ನಿಲುಗಡೆಗೆ ಬರುವುದು. ಎರಡು ಕಂಪನಾಂಕಗಳನ್ನು ಹಿಡಿಯುವ ಯಂತ್ರವು, ಬಂಡೆಗೆ ಬಡಿದು ತಿರುಗಿ ಬಂದ ಮೋಸದ ಅಲೆಗಳನ್ನು ಹೆಚ್ಚು ಚೆನ್ನಾಗಿ ಗುರುತಿಸುವುದು. ಬೆಲೆ ಹೆಚ್ಚು, ಆದರೆ ದಟ್ಟ ಕಾಡಿನಲ್ಲಿ ತಿರುಗುವವರಿಗೆ ಅದು ಸಾರ್ಥಕವಾದ ವೆಚ್ಚ.

4. ನೀರಿನಿಂದ ರಕ್ಷಣೆ. ಪೆಟ್ಟಿಗೆಯ ಮೇಲೆ 'ಐ.ಪಿ.ಎಕ್ಸ್. 7' ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದೆಂದು ಅರ್ಥ. ಇದಕ್ಕಿಂತ ಕಡಿಮೆಯದನ್ನು ಮುಟ್ಟಬೇಡಿರಿ.

5. ದಿಕ್ಸೂಚಿ ಮತ್ತು ವಾಯುಭಾರಮಾಪಕ. ವಿದ್ಯುತ್ ದಿಕ್ಸೂಚಿಯಿಲ್ಲದ ಯಂತ್ರವು ನೀವು ನಡೆಯುತ್ತಿರುವಾಗ ಮಾತ್ರ ದಿಕ್ಕನ್ನು ಹೇಳಬಲ್ಲುದು. ನಿಂತರೆ ಅದಕ್ಕೂ ದಿಕ್ಕು ತೋಚದು. ಮಂಜಿನಲ್ಲಿ ಕಡಿದಾದ ಅಂಚಿನ ಬಳಿ ನಿಂತವನು ದಿಕ್ಕು ತಿಳಿಯಲೆಂದು ಹತ್ತು ಹೆಜ್ಜೆ ನಡೆಯಬೇಕಾಗುವುದು ಎಂತಹ ಅಪಾಯ! ಆದುದರಿಂದ ಬೆಟ್ಟಕ್ಕೆ ಹೋಗುವವರಿಗೆ ದಿಕ್ಸೂಚಿಯಿರುವುದೇ ಬೇಕು. ವಾಯುಭಾರಮಾಪಕವು ಎತ್ತರವನ್ನು ಚೆನ್ನಾಗಿ ತಿಳಿಸುವುದಾದರೂ ಅದಿಲ್ಲದೆ ನಡೆಯುವುದು.

6. ಜಾಡು ಹಿಡಿದು ಹಿಂದಿರುಗುವ ಸೌಕರ್ಯ. ನಡೆದ ದಾರಿಯನ್ನು ಯಂತ್ರವು ಗೆರೆಯಾಗಿ ಬರೆದಿಟ್ಟು, ಅದೇ ಗೆರೆಯ ಮೇಲೆ ಹಿಂದಕ್ಕೆ ಕರೆತರುವುದು. ದಾರಿ ತಪ್ಪಿದವನನ್ನು ಉಳಿಸುವ ಗುಣವಿದು. ಬಣ್ಣದ ನಕ್ಷೆಯಿಲ್ಲದ ಸಾದಾ ಯಂತ್ರದಲ್ಲಿಯೂ ಇದು ಸಾಮಾನ್ಯವಾಗಿ ಇರುವುದು. ಆದರೂ ಕೊಳ್ಳುವ ಮೊದಲು ಕೇಳಿ ತಿಳಿಯಿರಿ.

ಉದಾಹರಣೆಗೆ, ಈ ಕ್ಷೇತ್ರದಲ್ಲಿ ಹೆಸರಾದ ಗಾರ್ಮಿನ್ ಸಂಸ್ಥೆಯ ಎರಡು ಮಾಲೆಗಳನ್ನು ಹೋಲಿಸಬಹುದು. ಈಟ್ರೆಕ್ಸ್ ಎಂಬುದು ಅಂಗೈಯಲ್ಲಿ ಅಡಗುವ ಚಿಕ್ಕ ಮಾಲೆ. ಅದರಲ್ಲಿ 2011ರಲ್ಲಿ ಬಂದ ಈಟ್ರೆಕ್ಸ್ 10 ಕಪ್ಪುಬಿಳುಪಿನದು. 2019ರ 22ಎಕ್ಸ್ ಬಣ್ಣದ ನಕ್ಷೆಯದು. ಎರಡೂ ಸೆಲ್ಲಿನಿಂದ ನಡೆಯುವುವು. ಜಿ.ಪಿ.ಎಸ್.ಮ್ಯಾಪ್ ಎಂಬುದು ದೊಡ್ಡದು, ಬೆಲೆಯೂ ಹೆಚ್ಚು. ಅದರಲ್ಲಿ 2020ರ 65 ಎಂಬುದು ಎರಡು ಕಂಪನಾಂಕಗಳದು. 2023ರ 67 ಎಂಬುದು ಒಳಬ್ಯಾಟರಿಯದು. ಮಾದರಿಗಳು ವರ್ಷವರ್ಷಕ್ಕೂ ಬದಲಾಗುವುವು. ಆದುದರಿಂದ ಹೆಸರನ್ನು ಬಾಯಿಪಾಠ ಮಾಡದೆ ಮೇಲಿನ ಆರು ಅಂಶಗಳನ್ನು ನೆನಪಿಡಿರಿ.

ಎರಡು ಎಚ್ಚರಿಕೆಗಳು

ಮೊದಲನೆಯದು ಕಾನೂನಿನದು. ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸುವ ಶಕ್ತಿಯುಳ್ಳ ಕೈಯಂತ್ರಗಳೂ ಪರದೇಶಗಳಲ್ಲಿ ಮಾರಾಟವಾಗುತ್ತವೆ. ಸರಕಾರದ ಅನುಮತಿಯಿಲ್ಲದೆ ಅವನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ವಿದೇಶದಲ್ಲಿರುವ ಬಂಧುಗಳು ಪ್ರೀತಿಯಿಂದ ತಂದುಕೊಟ್ಟರೂ ಬೇಡವೆನ್ನಿರಿ. ಕೇವಲ ಕೇಳುವ ಯಂತ್ರವೇ ನಮಗೆ ಸಾಕು.

ಎರಡನೆಯದು ಹೊಲದ ಬದುವಿನದು. ಯಂತ್ರವು ಮನೆಗೆ ಬಂದ ದಿನವೇ ಅದನ್ನು ಹಿಡಿದು ಬದುವನ್ನು ಅಳೆಯಲು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿರಿ. ತೆರೆದ ಆಕಾಶದ ಕೆಳಗೆ ಕೂಡ ಕೈಯಂತ್ರದಲ್ಲಿ ಮೂರರಿಂದ ಐದು ಮೀಟರಿನಷ್ಟು ತಪ್ಪು ಸಹಜ. ನೂರು ಮೀಟರ್ ಉದ್ದದ ಬದುವು ಮೂರು ಮೀಟರ್ ಸರಿದರೆ ಮುನ್ನೂರು ಚದರ ಮೀಟರ್, ಎಂದರೆ ಸುಮಾರು ಮೂರು ಗುಂಟೆ ನೆಲವು ಒಬ್ಬರಿಂದ ಒಬ್ಬರಿಗೆ ಹೋಗುವುದು. ಮೂರು ಗುಂಟೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲಿ ಕಡಿಮೆಯೇ? ಸರಕಾರದ ಭೂಮಾಪಕರು ತರುವ 'ರೋವರ್' ಎಂಬ ಯಂತ್ರವು ಬೇರೆ ಜಾತಿಯದು. ಸ್ಥಿರ ಕೇಂದ್ರಗಳಿಂದ ತಿದ್ದುಪಡಿಯನ್ನು ಪಡೆದು ಅದು ಸೆಂಟಿಮೀಟರುಗಳ ನಿಖರತೆಯಿಂದ ಅಳೆಯುವುದು. ಮೋಜಣಿಯ ಕೆಲಸವನ್ನು ಅವರಿಗೇ ಬಿಡಿರಿ.

ಕೊಂಡ ಮೇಲೆ ಮಾಡತಕ್ಕದ್ದು

ಯಂತ್ರದ ವ್ಯವಸ್ಥಾಪಟ್ಟಿಯಲ್ಲಿ 'ಡೇಟಮ್' ಎಂಬುದೊಂದಿದೆ. ಭೂಮಿಯ ಆಕಾರವನ್ನು ಯಾವ ಲೆಕ್ಕದಲ್ಲಿ ಹಿಡಿದಿದೆ ಎಂಬುದರ ಗುರುತದು. ಇಂದಿನ ಲೆಕ್ಕಕ್ಕೆ 'ಡಬ್ಲ್ಯು.ಜಿ.ಎಸ್. 84' ಎಂದು ಹೆಸರು. ನಮ್ಮ ದೇಶದ ಹಳೆಯ ನಕ್ಷೆಗಳು ಎವರೆಸ್ಟನ ಲೆಕ್ಕವನ್ನು ಅನುಸರಿಸಿದವು. ಒಂದರ ಅಂಕಿಯನ್ನು ಇನ್ನೊಂದರಲ್ಲಿ ಹಾಕಿದರೆ ನಮ್ಮ ಸೀಮೆಯಲ್ಲಿ ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಬೀಳುವುದು.

ಅಂಕಿಗಳನ್ನು ಬರೆಯುವ ರೀತಿಯಲ್ಲಿ ಇದಕ್ಕಿಂತ ದೊಡ್ಡ ಹಳ್ಳವಿದೆ. 18 ಅಂಶ 30 ಮಿನಿಟು ಎಂಬುದನ್ನು ದಶಮಾಂಶದಲ್ಲಿ 18.50 ಎಂದು ಬರೆಯಬೇಕು, ಏಕೆಂದರೆ ಒಂದು ಅಂಶಕ್ಕೆ 60 ಮಿನಿಟು. ಅವಸರದಲ್ಲಿ 18.30 ಎಂದು ಬರೆದರೆ ತಪ್ಪು 0.20 ಅಂಶ. ಅಕ್ಷಾಂಶದ ಒಂದು ಅಂಶವು ಸುಮಾರು 111 ಕಿಲೋಮೀಟರಾದುದರಿಂದ ನೀವು 22 ಕಿಲೋಮೀಟರ್ ಆಚೆಗೆ ಹೋದಂತಾಯಿತು! ಆಪತ್ತಿನಲ್ಲಿ 112ಕ್ಕೆ ಕರೆಮಾಡಿ ಸ್ಥಾನವನ್ನು ಹೇಳುವವನು ಅಂಕಿಗಳ ಜೊತೆಗೆ ಅವು ಯಾವ ರೀತಿಯಲ್ಲಿವೆಯೆಂಬುದನ್ನೂ ಹೇಳಬೇಕು. ಬರೆದುಕೊಂಡವರಿಂದ ಒಮ್ಮೆ ತಿರುಗಿ ಓದಿಸಿಕೊಳ್ಳಬೇಕು.

ಹೊರಡುವ ಮುನ್ನ, ಬಸ್ಸಿನಿಂದ ಇಳಿದ ಸ್ಥಳವನ್ನೋ ಬೆಟ್ಟದ ಬುಡದ ಹಳ್ಳಿಯನ್ನೋ ಯಂತ್ರದಲ್ಲಿ ಗುರುತು ಹಾಕಿಕೊಳ್ಳಿರಿ. ಕಾಗದದ ನಕ್ಷೆಯನ್ನೂ ಸಾದಾ ದಿಕ್ಸೂಚಿಯನ್ನೂ ಚೀಲದಲ್ಲಿಡಿರಿ. ಎಲ್ಲಿಗೆ ಹೋಗುವಿರಿ, ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ಮನೆಯವರಿಗೆ ಹೇಳಿರಿ. ಬುಡದ ಹಳ್ಳಿಯವರನ್ನು ದಾರಿ ಕೇಳಲು ನಾಚಬೇಡಿರಿ. ಯಾವ ಕೆರೆ ಒಡೆದಿದೆ, ಯಾವ ದಾರಿ ಈ ಮಳೆಗೆ ಕೊಚ್ಚಿಹೋಗಿದೆ ಎಂಬುದು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ತಿಳಿಯದು. ಆಡು ಕಾಯುವ ಅಜ್ಜನಿಗೆ ತಿಳಿದಿರುವುದು.

ಆ ತಂದೆಯವರಿಗೆ ನಾನು ಹೇಳಿದುದೂ ಇಷ್ಟೇ: "ಗುಂಡಿಗಳಿರುವ, ಸೆಲ್ಲಿನಿಂದ ನಡೆಯುವ, ದಿಕ್ಸೂಚಿಯುಳ್ಳ ಸಾದಾ ಯಂತ್ರವನ್ನು ಕೊಡಿಸಿರಿ. ಉಳಿದ ಹಣದಲ್ಲಿ ಒಳ್ಳೆಯ ಬೂಟು ಕೊಡಿಸಿರಿ. ಮಂಜು ಕವಿದರೆ ಹತ್ತುವುದನ್ನು ಬಿಟ್ಟು ಬಂದ ಜಾಡಿನಲ್ಲೇ ಇಳಿಯಲು ಹೇಳಿರಿ. ಕೋಟೆಯು ಮುಂದಿನ ವಾರವೂ ಅಲ್ಲಿಯೇ ಇರುವುದು." ದೀಪಾವಳಿಯ ರಜೆಗೆ ಬಂದಾಗ ಹುಡುಗನು ಯಂತ್ರವನ್ನು ನನಗೆ ತೋರಿಸಿದನು. ಅದರಲ್ಲಿ ಅವನು ಹಾಕಿಕೊಂಡಿದ್ದ ಮೊದಲ ಗುರುತು ಕಾಸಾರಶಿರಸಿಯ ತನ್ನ ಮನೆಯದು.

ಅಭ್ಯಾಸ

1. 17 ಅಂಶ 54 ಮಿನಿಟು ಎಂಬುದನ್ನು ದಶಮಾಂಶದಲ್ಲಿ ಬರೆಯಿರಿ. ಅದನ್ನು ತಪ್ಪಾಗಿ 17.54 ಎಂದು ಬರೆದರೆ ಎಷ್ಟು ಕಿಲೋಮೀಟರಿನ ವ್ಯತ್ಯಾಸವಾಗುವುದು?

2. ಗಡಿಯಾರವು ಸೆಕೆಂಡಿನ ಒಂದು ಕೋಟಿಯಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ ಎಷ್ಟು ಮೀಟರ್ ತಪ್ಪುವುದು?

3. ಶಾಲೆಯ ಧ್ವಜಸ್ತಂಭದ ಬಳಿ ಹಿರಿಯರೊಬ್ಬರ ಮೊಬೈಲಿನಿಂದ ಹತ್ತು ದಿನ ಒಂದೇ ವೇಳೆಗೆ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳಿರಿ. ಸ್ತಂಭವು ಸರಿಯಲಿಲ್ಲ, ಅಂಕಿಗಳೇಕೆ ಸರಿದವು?

4. ನಿಮ್ಮ ಊರಿನ ಹಳೆಯ ಬಾವಿ, ಮರ, ದಾರಿಗಳ ಹೆಸರುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿ ಒಂದು ನಕ್ಷೆಯಲ್ಲಿ ಗುರುತಿಸಿರಿ. ಈಗ ಇಲ್ಲದವುಗಳನ್ನೂ ಬಿಡಬೇಡಿರಿ.